ಕೂಸಿಗೆ ಶೇಂಗಾ ಶುರು ಮಾಡುವುದು ಹೇಗೆ: ಆರು ತಿಂಗಳಿಗೇ, ತೆಳ್ಳಗೆ, ಬಿಡದೆ

ನಮ್ಮ ಕಡೆ ಶೇಂಗಾ ಇಲ್ಲದ ಅಡುಗೆಮನೆ ಸಿಗುವುದಿಲ್ಲ. ರೊಟ್ಟಿ ಜೊತೆ ಶೇಂಗಾ ಚಟ್ನಿ, ಎಣ್ಣೆಗಾಯಿಗೆ ಶೇಂಗಾ ಪುಡಿ, ಪಂಚಮಿಗೆ ಶೇಂಗಾ ಉಂಡಿ, ನೆಂಟರು ಬಂದರೆ ಶೇಂಗಾ ಹೋಳಿಗೆ. ಇಷ್ಟಿದ್ದರೂ ಬಾಗಲಕೋಟೆ, ವಿಜಯಪುರದ ಎಷ್ಟೋ ಮನೆಗಳಲ್ಲಿ ಕೂಸಿಗೆ ಎರಡು ಮೂರು ವರ್ಷ ಆಗುವವರೆಗೆ ಶೇಂಗಾ ಮುಟ್ಟಿಸುವುದಿಲ್ಲ. "ಶೇಂಗಾ ಪಿತ್ತ ಐತಿ, ಕೂಸಿಗೆ ಈಗ ಕೊಡಬ್ಯಾಡ್ರಿ" ಅಂತ ಮನೆಯ ಹಿರಿಯರು ಹೇಳುತ್ತಾರೆ. ಫೋನಿನಲ್ಲಿ ಪೀನಟ್ ಅಲರ್ಜಿಯ ಸುದ್ದಿ ಓದಿದ ಈಗಿನ ಅಪ್ಪ ಅಮ್ಮಂದಿರೂ ಹೆದರಿ ಅದನ್ನೇ ಮಾಡುತ್ತಾರೆ. ಕಾರಣ ಬೇರೆ ಬೇರೆ, ಮಾಡುವುದು ಮಾತ್ರ ಒಂದೇ: ಮುಂದೂಡುವುದು. ಈ ಮುಂದೂಡುವುದನ್ನು ಬಿಡಿ ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಿರಿಯರ ಮಾತಿನಲ್ಲಿ ಒಂದು ಸತ್ಯ ಇದೆ, ಅದನ್ನು ಮೊದಲೇ ಒಪ್ಪಿಕೊಳ್ಳೋಣ. ಇಡೀ ಶೇಂಗಾ ಬೀಜ ಸಣ್ಣ ಮಕ್ಕಳಿಗೆ ನಿಜವಾಗಿಯೂ ಅಪಾಯ. ದವಡೆ ಹಲ್ಲು ಇರುವುದಿಲ್ಲ, ಅಗಿಯಲು ಬರುವುದಿಲ್ಲ, ನಗುತ್ತಾ ಓಡಾಡುತ್ತಾ ಬಾಯಿಗೆ ಹಾಕಿಕೊಂಡರೆ ಬೀಜ ಉಸಿರಿನ ಕೊಳವೆಗೆ ಇಳಿದುಬಿಡುತ್ತದೆ. ಮಕ್ಕಳ ಉಸಿರಿನ ಕೊಳವೆಯಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ಶೇಂಗಾ ಬೀಜ ಬಹಳ ಸಾಮಾನ್ಯ. ಹಾಗಾಗಿ ಇಡೀ ಬೀಜ, ಅರ್ಧ ಬೀಜ, ದಪ್ಪ ತರಿ ಐದು ವರ್ಷದವರೆಗೆ ಬೇಡವೇ ಬೇಡ. ಪೀನಟ್ ಬಟರ್ ಅನ್ನೂ ಚಮಚದಲ್ಲಿ ಮುದ್ದೆ ತೆಗೆದು ಹಾಗೇ ಬಾಯಿಗಿಡಬಾರದು, ಅದು ಅಂಗುಳಕ್ಕೆ ಅಂಟಿ ಕೂಸಿಗೆ ಉಸಿರು ಕಟ್ಟಬಹುದು. ಆದರೆ ನುಣ್ಣಗೆ ಅರೆದು ತೆಳ್ಳಗೆ ಕಲಸಿದ ಶೇಂಗಾಕ್ಕೆ ಈ ತೊಂದರೆ ಇಲ್ಲ. ಬೀಜ ಬೇಡ ಅನ್ನುವ ಒಳ್ಳೆಯ ಮಾತು ಎಲ್ಲೋ ದಾರಿಯಲ್ಲಿ ಶೇಂಗಾನೇ ಬೇಡ ಅಂತ ಆಗಿಬಿಟ್ಟಿದೆ, ಅಷ್ಟೇ.

ಯಾಕೆ ಬೇಗ ಕೊಡಬೇಕು

ಮನೆಯಲ್ಲಿ ಅತ್ತೆಯವರನ್ನು, ಅವ್ವನನ್ನು ನೀವೇ ಒಪ್ಪಿಸಬೇಕಾಗುತ್ತದೆ, ಅದಕ್ಕೆ ಕಾರಣ ಗೊತ್ತಿರಲಿ. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ, ಅಲರ್ಜಿ ಇರುವ ಮನೆತನದ ಮಕ್ಕಳಿಗೆ ಮೂರು ವರ್ಷದವರೆಗೆ ಶೇಂಗಾ ಕೊಡಬೇಡಿ ಅಂತಲೇ ಹೇಳಿತ್ತು. ತಡ ಮಾಡಿದರೆ ಲಾಭ ಇದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ, 2008ರಲ್ಲಿ ಆ ಸಲಹೆಯನ್ನು ಕೈಬಿಟ್ಟರು. ಅದೇ ವರ್ಷ ಲಂಡನ್ನಿನ ಗಿಡಿಯನ್ ಲ್ಯಾಕ್ ಎಂಬ ಮಕ್ಕಳ ಅಲರ್ಜಿ ತಜ್ಞರ ತಂಡ ಒಂದು ಹೋಲಿಕೆ ಪ್ರಕಟಿಸಿತು. ಇಂಗ್ಲೆಂಡಿನ ಯಹೂದಿ ಮಕ್ಕಳಲ್ಲಿ ಶೇಂಗಾ ಅಲರ್ಜಿ ಇಸ್ರೇಲಿನ ಮಕ್ಕಳಿಗಿಂತ ಸುಮಾರು ಹತ್ತು ಪಟ್ಟು ಜಾಸ್ತಿ ಇತ್ತು. ಇಸ್ರೇಲಿನಲ್ಲಿ ಕೂಸುಗಳಿಗೆ ವರ್ಷ ತುಂಬುವ ಮೊದಲೇ ಬಾಂಬಾ ಅನ್ನುವ, ಬಾಯಲ್ಲಿ ಕರಗುವ ಶೇಂಗಾ ತಿನಿಸು ಕೊಡುವ ರೂಢಿ. ಇಂಗ್ಲೆಂಡಿನಲ್ಲಿ ಕೊಡುತ್ತಿರಲಿಲ್ಲ.

ಅದೇ ತಂಡ ಮುಂದೆ ಲೀಪ್ ಅನ್ನುವ ದೊಡ್ಡ ಅಧ್ಯಯನ ಮಾಡಿತು, ಫಲಿತಾಂಶ ಬಂದದ್ದು 2015ರಲ್ಲಿ. ಜೋರಾದ ಇಸಬು (ಚರ್ಮ ಕೆಂಪಾಗಿ ಒರಟಾಗಿ ಕೆರೆಯುವ ಎಕ್ಜಿಮಾ) ಅಥವಾ ಮೊಟ್ಟೆ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಕೂಸುಗಳನ್ನು ತೆಗೆದುಕೊಂಡರು. ಅರ್ಧ ಮಕ್ಕಳಿಗೆ ವಾರಕ್ಕೆ ಮೂರು ಸಲವಾದರೂ ಶೇಂಗಾ ತಿನ್ನಿಸಿದರು, ಇನ್ನರ್ಧ ಮಕ್ಕಳಿಗೆ ಪೂರ್ತಿ ದೂರ ಇಟ್ಟರು. ಐದು ವರ್ಷ ತುಂಬಿದಾಗ ನೋಡಿದರೆ, ತಿಂದ ಗುಂಪಿನಲ್ಲಿ ಶೇಂಗಾ ಅಲರ್ಜಿ ಸುಮಾರು 80 ಶೇಕಡಾ ಕಡಿಮೆ ಇತ್ತು. ಅದೇ ಮಕ್ಕಳನ್ನು ಹದಿಹರೆಯದಲ್ಲಿ ಮತ್ತೆ ಪರೀಕ್ಷೆ ಮಾಡಿದಾಗಲೂ ಆ ಲಾಭ ಬಹುಮಟ್ಟಿಗೆ ಉಳಿದಿತ್ತು, ಅದು 2024ರಲ್ಲಿ ಪ್ರಕಟವಾಯಿತು.

ಇದಕ್ಕೆ ತಜ್ಞರು ಕೊಡುವ ವಿವರಣೆ ನಮ್ಮ ಮನೆಗಳಿಗೆ ಬಹಳ ಹೊಂದುತ್ತದೆ. ಆಹಾರ ಮೊದಲು ಬಾಯಿಯಿಂದ ಹೊಟ್ಟೆಗೆ ಹೋದರೆ ದೇಹ ಅದನ್ನು ಆಹಾರ ಅಂತ ಒಪ್ಪಿಕೊಳ್ಳುತ್ತದೆ. ಅದೇ ಆಹಾರದ ಧೂಳು, ಎಣ್ಣೆ, ಪುಡಿ ಮೊದಲು ಒಡೆದ ಚರ್ಮದಿಂದ ಒಳಗೆ ಹೋದರೆ ದೇಹ ಅದನ್ನು ವೈರಿ ಅಂತ ಗುರುತಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ಈಗ ಯೋಚನೆ ಮಾಡಿ. ಮನೆ ತುಂಬ ಶೇಂಗಾ. ಚಟ್ನಿ ಕುಟ್ಟಿದ ಕೈಯಲ್ಲೇ ಕೂಸನ್ನು ಎತ್ತಿಕೊಳ್ಳುತ್ತೇವೆ, ಕೆಲವು ಮನೆಗಳಲ್ಲಿ ಮೈಗೆ ತಿಕ್ಕುವುದೂ ಶೇಂಗಾ ಎಣ್ಣೆಯೇ. ಚರ್ಮಕ್ಕೆ ದಿನಾ ಶೇಂಗಾ, ಹೊಟ್ಟೆಗೆ ಮಾತ್ರ ಇಲ್ಲ. ಇಸಬು ಇರುವ ಕೂಸಿಗೆ ಇದೇ ಎಲ್ಲಕ್ಕಿಂತ ಕೆಟ್ಟ ಜೋಡಿ.

ಹಾಗಂತ ಹೆದರಬೇಡಿ. ಇಂಗ್ಲೆಂಡ್, ಅಮೆರಿಕದಲ್ಲಿ ಕಾಣುವಷ್ಟು ಶೇಂಗಾ ಅಲರ್ಜಿ ನಮ್ಮಲ್ಲಿ ಕಾಣುವುದಿಲ್ಲ. ಬಹಳಷ್ಟು ಕೂಸುಗಳು ಮೊದಲ ಸಲ ಶೇಂಗಾ ತಿಂದು ಬಾಯಿ ಚಪ್ಪರಿಸಿ ಸುಮ್ನೆ ಆಟಕ್ಕೆ ಹೋಗುತ್ತವೆ.

ಯಾವ ಕೂಸಿಗೆ ಮೊದಲು ಡಾಕ್ಟರ್ ಹತ್ತಿರ ಹೋಗಬೇಕು

ಎರಡು ತರದ ಕೂಸುಗಳಿಗೆ ಮನೆಯಲ್ಲಿ ನೀವೇ ಶುರು ಮಾಡಬೇಡಿ. ಒಂದು, ಜೋರಾದ ಇಸಬು ಇರುವ ಕೂಸು. ಕೆನ್ನೆ, ಮೊಣಕೈ, ಮಂಡಿ ಸಂದಿಯಲ್ಲಿ ಕೆಂಪಾಗಿ ಒರಟಾಗಿ ಕೆರೆತ ಬರುವುದು, ಕೆರೆದು ನೀರು ಸೋರುವುದು, ಮುಲಾಮು ಹಚ್ಚಿದರೆ ಹೋಗಿ ಬಿಟ್ಟರೆ ಮತ್ತೆ ಬರುವುದು, ಹೀಗಿದ್ದರೆ ಅದು ಇಸಬು ಇರಬಹುದು. ಎರಡು, ಈಗಾಗಲೇ ಹಾಲು, ಮೊಟ್ಟೆ ಅಥವಾ ಇನ್ನಾವುದೋ ಆಹಾರಕ್ಕೆ ಗಂಧೆ (ಮೈಮೇಲೆ ಕೆರೆಯುವ ದದ್ದು) ಎದ್ದ, ತುಟಿ ಬಾತ, ಕೂಡಲೇ ವಾಂತಿ ಮಾಡಿದ ಕೂಸು. ಇಂಥವರನ್ನು ನಾಲ್ಕೈದು ತಿಂಗಳಿಗೇ ಮಕ್ಕಳ ಡಾಕ್ಟರಿಗೆ ತೋರಿಸಿ, "ಶೇಂಗಾ ಬೇಗ ಶುರು ಮಾಡಬೇಕು ಅಂತ ಇದ್ದೇವೆ, ಪರೀಕ್ಷೆ ಬೇಕಾ, ನಿಮ್ಮ ಎದುರಿಗೇ ಕೊಡಬೇಕಾ" ಅಂತ ನೇರವಾಗಿ ಕೇಳಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಿವೆ, ಮಕ್ಕಳ ವಿಭಾಗ ಇದೆ. ಇಂಥ ಕೂಸುಗಳಿಗೇ ಬೇಗ ಶುರು ಮಾಡುವುದರಿಂದ ಎಲ್ಲರಿಗಿಂತ ಜಾಸ್ತಿ ಲಾಭ, ಆದ್ದರಿಂದ ಡಾಕ್ಟರ್ ಹತ್ತಿರ ಹೋಗುವುದನ್ನೇ ಮುಂದೂಡಿಕೊಂಡು ಕೂರಬೇಡಿ.

ಸ್ವಲ್ಪವೇ ಇಸಬು ಇರುವ ಕೂಸಿಗೆ ಆರು ತಿಂಗಳ ಹೊತ್ತಿಗೆ ಮನೆಯಲ್ಲೇ ಶುರು ಮಾಡಬಹುದು. ಇಸಬೇ ಇಲ್ಲದ ಕೂಸಿಗೂ ಆರು ತಿಂಗಳ ನಂತರ ಬೇರೆ ಊಟದ ಜೊತೆ ಕೊಡಬಹುದು. ಅಕ್ಕನಿಗೋ ಅಣ್ಣನಿಗೋ ಅಲರ್ಜಿ ಇದೆ ಅಂದರೆ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ, ಆದರೆ ಅದೇ ಕಾರಣಕ್ಕೆ ವರ್ಷಗಟ್ಟಲೆ ನಿಲ್ಲಿಸಬೇಡಿ.

ಲ್ಯಾಬಿನಲ್ಲಿ ಮಾಡುವ, ಒಂದೇ ರಕ್ತದಲ್ಲಿ ಹತ್ತಾರು ಆಹಾರದ ಅಲರ್ಜಿ ತೋರಿಸುವ ದುಬಾರಿ ಪ್ಯಾಕೇಜು ಬೇಡ. ರಕ್ತದಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಇದೆ ಅಂತ ಅರ್ಥ ಅಲ್ಲ. ಚೆನ್ನಾಗಿ ತಿಂದು ಜೀರ್ಣಿಸಿಕೊಳ್ಳುತ್ತಿರುವ ಆಹಾರವನ್ನೂ ಆ ಕಾಗದ ನೋಡಿ ಬಿಡಿಸಿಬಿಡುತ್ತಾರೆ. ಯಾವ ಪರೀಕ್ಷೆ, ಯಾವ ಆಹಾರಕ್ಕೆ ಅನ್ನುವುದನ್ನು ಕೂಸನ್ನು ನೋಡಿದ ಡಾಕ್ಟರ್ ಹೇಳಲಿ.

ಇನ್ನು ಬಸುರಿ, ಬಾಣಂತಿ ಶೇಂಗಾ ಬಿಡಬೇಕಾ? ಬೇಡ. ಅಮ್ಮನಿಗೇ ಅಲರ್ಜಿ ಇಲ್ಲದಿದ್ದರೆ ತಿನ್ನಬಹುದು. ಅಮ್ಮ ಬಿಟ್ಟರೆ ಕೂಸಿಗೆ ಅಲರ್ಜಿ ಬರುವುದಿಲ್ಲ ಅನ್ನುವುದಕ್ಕೆ ಆಧಾರ ಇಲ್ಲ.

ಮೈಗೆ ಹಚ್ಚುವುದರ ಬಗ್ಗೆ

ಶೇಂಗಾ ಕೊಡುವುದಕ್ಕಿಂತ ಮುಂಚೆಯೇ ಮಾಡಬೇಕಾದ ಕೆಲಸ ಇದು. ಕೂಸಿಗೆ ಎರೆಯಲು ಬರುವ ಆಯಿ ಎಣ್ಣೆ ತಿಕ್ಕಿ, ಕಡ್ಲಿ ಹಿಟ್ಟು ಹಚ್ಚಿ ಉಜ್ಜುವುದು ನಮ್ಮಲ್ಲಿ ಮಾಮೂಲಿ. ಚರ್ಮ ಚೆನ್ನಾಗಿರುವ ಕೂಸಿಗೆ ಎಣ್ಣೆ ತಿಕ್ಕುವುದಕ್ಕೆ ನನ್ನ ತಕರಾರಿಲ್ಲ. ಆದರೆ ಇಸಬು ಇದ್ದರೆ, ಚರ್ಮ ಒಡೆದಿದ್ದರೆ, ಶೇಂಗಾ ಎಣ್ಣೆ ಬೇಡ, ಕಡ್ಲಿ ಹಿಟ್ಟೂ ಬೇಡ. ಕಡಲೆ ಕೂಡ ಅಲರ್ಜಿ ತರಬಲ್ಲ ಕಾಳು, ಅದರ ಮೇಲೆ ಹಿಟ್ಟು ಉಜ್ಜಿದರೆ ಚರ್ಮ ಇನ್ನೂ ಒಣಗುತ್ತದೆ. ಡಾಕ್ಟರ್ ಹೇಳಿದ ಕ್ರೀಮು ಅಥವಾ ವಾಸನೆ ಇಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿಯನ್ನು ಸ್ನಾನ ಆದ ಕೂಡಲೇ ಹಚ್ಚಿ. ಶೇಂಗಾ ಹುರಿದ, ಕುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆದು ಕೂಸನ್ನು ಮುಟ್ಟಿ. ಆಯಿಗೆ ಇದನ್ನು ಸಿಟ್ಟಿನಿಂದ ಹೇಳಬೇಡಿ. "ಆಯಿ, ಡಾಕ್ಟರು ಇದs ಹಚ್ಚಂದಾರ್ರಿ" ಅಂತ ಡಬ್ಬಿ ಕೈಗೆ ಕೊಟ್ಟರೆ ಅವರೇ ನಿಮಗಿಂತ ಚೆನ್ನಾಗಿ ಹಚ್ಚುತ್ತಾರೆ.

ಬಾದಾಮಿ, ಖಾರೀಕು, ಬಜೆ ತೇಯ್ದು ನೆಕ್ಕಿಸುವ ಗುಟ್ಟಿಯ ಮಾತೂ ಬರುತ್ತದೆ. "ಗುಟ್ಟಿಯಾಗ ಬಾದಾಮಿ ಹಾಕೇವಲ್ಲ, ಅಲರ್ಜಿ ಚಿಂತಿ ಯಾಕ?" ಅಂತ ಕೇಳಿದರೆ, ಅಷ್ಟು ಸಣ್ಣ ನೆಕ್ಕು ಲೆಕ್ಕಕ್ಕೆ ಬರುವುದಿಲ್ಲ, ಶೇಂಗಾಕ್ಕಂತೂ ಸಂಬಂಧವೇ ಇಲ್ಲ. ಆರು ತಿಂಗಳವರೆಗೆ ತಾಯಿ ಹಾಲೊಂದೇ ಸಾಕು. ಗುಟ್ಟಿಯಲ್ಲಿ ಜೇನುತುಪ್ಪ ಬೆರೆಸುವುದಂತೂ ಕೂಡಲೇ ನಿಲ್ಲಬೇಕು. ವರ್ಷ ತುಂಬದ ಕೂಸಿಗೆ ಜೇನಿನಿಂದ ಬಾಟ್ಯುಲಿಸಂ ಅನ್ನುವ, ಕೈಕಾಲು ಸಡಿಲಾಗಿ ಉಸಿರಾಟಕ್ಕೇ ಕುತ್ತು ತರುವ ಕಾಯಿಲೆ ಬರಬಹುದು.

ಯಾವ ದಿನ, ಯಾವ ಹೊತ್ತು

ಕೂಸು ತಯಾರಿದೆಯಾ ನೋಡಿ. ಕತ್ತು ನಿಂತಿರಬೇಕು, ಒರಗಿಸಿದರೆ ಕೂರಬೇಕು, ನಿಮ್ಮ ತಾಟಿಗೆ ಕೈ ಚಾಚುತ್ತಿರಬೇಕು, ಚಮಚ ಬಾಯಿಗಿಟ್ಟರೆ ನಾಲಿಗೆಯಿಂದ ಹೊರಗೆ ತಳ್ಳದೆ ನುಂಗಬೇಕು. ಶೇಂಗಾ ಮೊಟ್ಟಮೊದಲ ಊಟ ಆಗುವುದು ಬೇಡ. ಅನ್ನದ ಗಂಜಿ, ರಾಗಿ ಗಂಜಿ, ಬೇಳೆ ಕಟ್ಟು, ಕಿವುಚಿದ ಬಾಳೆಹಣ್ಣು, ಹೀಗೆ ಎರಡು ಮೂರು ಪದಾರ್ಥ ತಿಂದು ರೂಢಿ ಆಗಿರಲಿ.

ದಿನ ಆರಿಸುವುದು ನನ್ನ ಪ್ರಕಾರ ಬಹಳ ಮುಖ್ಯ. ಬೆಳಗ್ಗೆ ಒಂಬತ್ತು ಹತ್ತರ ಹೊತ್ತು ಒಳ್ಳೆಯದು. ಕೂಸು ಎಚ್ಚರ ಇರುತ್ತದೆ, ಡಾಕ್ಟರು ಸಿಗುತ್ತಾರೆ, ಔಷಧಿ ಅಂಗಡಿ ತೆರೆದಿರುತ್ತದೆ. ರಾತ್ರಿ ಬೇಡ, ತಿನ್ನಿಸಿ ಮಲಗಿಸಿದರೆ ಏನಾಯಿತು ಅಂತ ಗೊತ್ತಾಗುವುದೇ ಇಲ್ಲ. ಸಿಂದಗಿ, ಇಂಡಿ, ಹುನಗುಂದ, ರಾಮದುರ್ಗದ ಕಡೆ ಹಳ್ಳಿಯಲ್ಲಿ ಇರುವವರು ಗಾಡಿ ಮನೆಯಲ್ಲೇ ಇರುವ, ಓಡಿಸುವವರೂ ಇರುವ ದಿನ ನೋಡಿಕೊಳ್ಳಿ. ಎಲ್ಲರೂ ಹೊಲಕ್ಕೆ ಹೋಗುವ ರಾಶಿಯ ದಿನ ಬೇಡ. ಜಾತ್ರೆ, ಮದುವೆ, ಬಸ್ಸಿನ ಪ್ರಯಾಣದ ದಿನವೂ ಬೇಡ. ಜ್ವರ, ನೆಗಡಿ, ಭೇದಿ ಇದ್ದರೆ, ಚುಚ್ಚುಮದ್ದು ಹಾಕಿಸಿದ ದಿನವಾದರೆ ಮುಂದಕ್ಕೆ ಹಾಕಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಬೇಸಿಗೆಯಲ್ಲಿ ಇನ್ನೊಂದು ತೊಂದರೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕೂಸುಗಳ ಕತ್ತು, ಬೆನ್ನು ತುಂಬ ಬೆವರುಸಾಲೆ. ತಿನ್ನಿಸುವ ಮೊದಲು ಅಂಗಿ ಬಿಚ್ಚಿ ಮೈಯೆಲ್ಲ ಒಮ್ಮೆ ನೋಡಿಕೊಳ್ಳಿ, ಬೇಕಾದರೆ ಫೋನಿನಲ್ಲಿ ಫೋಟೋ ತೆಗೆದಿಡಿ. ಆಮೇಲೆ ಕಂಡ ಗುಳ್ಳೆ ಹೊಸದಾ, ಹಳೆಯದಾ ಅಂತ ಜಗಳ ಇರುವುದಿಲ್ಲ.

ನಾಗರ ಪಂಚಮಿಗೂ ಮುಂಚೆ ಇದನ್ನು ಮುಗಿಸಿಕೊಂಡರೆ ಬಹಳ ಒಳ್ಳೆಯದು. ಮನೆ ತುಂಬ ಉಂಡಿ, ಜೋಕಾಲಿ, ನೆಂಟರು, ಯಾವುದೋ ಮಗು ಪ್ರೀತಿಯಿಂದ ಕೂಸಿನ ಬಾಯಿಗೆ ಶೇಂಗಾ ಉಂಡಿ ತುರುಕುತ್ತದೆ. ಮೊದಲ ಶೇಂಗಾ ಆ ಗದ್ದಲದಲ್ಲಿ ಆಗಬಾರದು.

ಮಾಡುವುದು, ತಿನ್ನಿಸುವುದು

ಅಂಗಡಿ ಪೀನಟ್ ಬಟರ್ ಬೇಕೇ ಬೇಕು ಅಂತಿಲ್ಲ. ಒಳ್ಳೆಯ ಶೇಂಗಾ ಬೀಜ ಆರಿಸಿ. ಬೂಸು ಹಿಡಿದ, ಸುಕ್ಕುಗಟ್ಟಿದ, ಬಣ್ಣ ತಿರುಗಿದ ಬೀಜ ಒಂದೂ ಇರಬಾರದು. ಅಂಥದರಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಸಣ್ಣ ಉರಿಯಲ್ಲಿ ಹದವಾಗಿ ಹುರಿದು, ಆರಿಸಿ, ಸಿಪ್ಪೆ ತಿಕ್ಕಿ ಕೇರಿ ತೆಗೆಯಿರಿ. ಖಾರ ರುಬ್ಬದ, ಒಣಗಿದ ಮಿಕ್ಸಿ ಜಾರಿನಲ್ಲಿ ಹಾಕಿ. ಮೊದಲು ಪುಡಿ ಆಗುತ್ತದೆ, ಬಿಟ್ಟು ಬಿಟ್ಟು ತಿರುಗಿಸುತ್ತಾ ಹೋದರೆ ಮುದ್ದೆ ಕಟ್ಟುತ್ತದೆ, ಇನ್ನೂ ತಿರುಗಿಸಿದರೆ ತನ್ನದೇ ಎಣ್ಣೆ ಬಿಟ್ಟು ಸಡಿಲವಾಗಿ ನುಣ್ಣಗಾಗುತ್ತದೆ. ಅದೇ ಪೀನಟ್ ಬಟರ್. ಉಪ್ಪು, ಬೆಲ್ಲ ಏನೂ ಬೇಡ. ಬೆರಳಲ್ಲಿ ತಿಕ್ಕಿ ನೋಡಿ, ತರಿ ಸಿಕ್ಕಿದರೆ ಮತ್ತೆ ರುಬ್ಬಿ. ಇಷ್ಟು ಮಾಡಲು ಹೊತ್ತಿಲ್ಲದಿದ್ದರೆ ಹುರಿದ ಶೇಂಗಾ ಪುಡಿಯನ್ನು ಸಣ್ಣ ಜರಡಿಯಲ್ಲಿ ಜರಡಿ ಹಿಡಿದರೂ ನಡೆಯುತ್ತದೆ. ಅಂಗಡಿಯದು ತರುವುದಾದರೆ ಡಬ್ಬಿಯ ಹಿಂದೆ ಶೇಂಗಾ ಬಿಟ್ಟು ಬೇರೆ ಹೆಸರು ಇಲ್ಲದ್ದನ್ನು, ತರಿ ಇಲ್ಲದ್ದನ್ನು ತನ್ನಿ. ಜೇನು, ಚಾಕಲೇಟು, ಸಕ್ಕರೆ ಹಾಕಿದ್ದು ಬೇಡ. ಮನೆಯ ಶೇಂಗಾ ಚಟ್ನಿಯನ್ನು ನೀರಲ್ಲಿ ಕಲಸಿ ಕೊಡುವುದು ಸುಲಭ ಅನ್ನಿಸುತ್ತದೆ, ಆದರೆ ಅದರಲ್ಲಿ ಖಾರ, ಉಪ್ಪು, ಬೆಳ್ಳುಳ್ಳಿ ಇದೆ. ಖಾರಕ್ಕೆ ಬಾಯಿ ಸುತ್ತ ಕೆಂಪಾದರೆ ಅಲರ್ಜಿ ಅಂತ ಸುಮ್ನೆ ಗಾಬರಿ ಬೀಳುತ್ತೀರಿ.

ಎರಡು ಚಹಾ ಚಮಚ ಪೀನಟ್ ಬಟರ್ ಅಥವಾ ಎರಡು ಚಹಾ ಚಮಚ ಪುಡಿ ತೆಗೆದುಕೊಳ್ಳಿ. ಅದರಲ್ಲಿ ಸುಮಾರು 2 ಗ್ರಾಂ ಶೇಂಗಾ ಪ್ರೋಟೀನು ಇರುತ್ತದೆ. ಎರಡು ಮೂರು ಚಮಚ ಬಿಸಿ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಆರಲು ಬಿಡಿ. ಚಮಚದಿಂದ ಸುರಿದರೆ ಮಜ್ಜಿಗೆಯಂತೆ ಇಳಿಯಬೇಕು. ಬೇಕಾದರೆ ಕೂಸು ಮೊದಲೇ ತಿಂದು ಗೊತ್ತಿರುವ ಗಂಜಿ, ಬಾಳೆಹಣ್ಣು, ಬೇಯಿಸಿ ಕಿವುಚಿದ ಕುಂಬಳಕಾಯಿ ಜೊತೆ ಬೆರೆಸಿ. ಹೊಸದು ಇನ್ನೇನೂ ಅದರಲ್ಲಿ ಇರಬಾರದು.

ಕೂಸನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಳ್ಳಿ. ಮೊದಲು ಚಮಚದ ತುದಿಯಷ್ಟು ನಾಲಿಗೆಗೆ ಹಚ್ಚಿ. ಗಡಿಯಾರ ನೋಡಿ ಹತ್ತು ನಿಮಿಷ ಕಾಯಿರಿ. ಮಾತಾಡಿಸಿ, ಆಟ ಆಡಿಸಿ, ಮುಖ ಮೈ ನೋಡುತ್ತಿರಿ. ಏನೂ ಆಗಲಿಲ್ಲ ಅಂದರೆ ಉಳಿದದ್ದನ್ನು ಮಾಮೂಲಿ ಊಟದಂತೆ ನಿಧಾನ ತಿನ್ನಿಸಿ. ಪೂರ್ತಿ ತಿನ್ನಲೇಬೇಕು ಅಂತಿಲ್ಲ, ಮೊದಲ ದಿನ ಅರ್ಧ ತಿಂದರೂ ಸಾಕು, ಒತ್ತಾಯ ಬೇಡ. ಆಮೇಲೆ ಎರಡು ಗಂಟೆ ಕೂಸಿನ ಹತ್ತಿರ ಯಾರಾದರೂ ದೊಡ್ಡವರು ಇರಲೇಬೇಕು. ನಿಜವಾದ ಅಲರ್ಜಿ ಸಾಮಾನ್ಯವಾಗಿ ಕೆಲವು ನಿಮಿಷದಿಂದ ಎರಡು ಗಂಟೆಯ ಒಳಗೆ ತೋರಿಸಿಕೊಳ್ಳುತ್ತದೆ.

ಏನಾದರೂ ಆದರೆ

ಆಹಾರ ತಾಗಿದ ಜಾಗದಲ್ಲಿ, ಬಾಯಿ ಸುತ್ತ ಮಾತ್ರ ಸ್ವಲ್ಪ ಕೆಂಪಾಗಿ ಒರೆಸಿದ ಮೇಲೆ ಬೇಗ ಹೋದರೆ ಅದು ಎಷ್ಟೋ ಸಲ ಬರೀ ಚರ್ಮದ ಉರಿ. ಕೆಲವೇ ಗಂಧೆ ಎದ್ದರೆ, ತುಟಿ ಅಥವಾ ಕಣ್ಣು ಸ್ವಲ್ಪ ಬಾತರೆ, ಒಮ್ಮೆ ವಾಂತಿ ಆದರೆ ಅಲ್ಲಿಗೆ ನಿಲ್ಲಿಸಿ. ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದ ಔಷಧಿಯನ್ನು ಅವರು ಹೇಳಿದ ಅಳತೆಯಲ್ಲೇ ಕೊಡಿ, ಗಂಧೆಯ ಫೋಟೋ ತೆಗೆದು ಗಂಟೆ ಬರೆದಿಡಿ. ಮತ್ತೊಮ್ಮೆ ನೋಡೋಣ ಅಂತ ಮನೆಯಲ್ಲಿ ತಿನ್ನಿಸಬೇಡಿ.

ಇನ್ನು ಕಾಯಲೇಬಾರದ ಲಕ್ಷಣಗಳು: ಬಿಡದೆ ಕೆಮ್ಮು, ಉಸಿರಾಡುವಾಗ ಸುಯ್ಯೆನ್ನುವ ಸದ್ದು, ಎದೆ ಗೂಡು ಒಳಗೆ ಎಳೆಯುವುದು, ಅಳುವ ದನಿ ಒಡಕಾಗುವುದು, ನಾಲಿಗೆ ಬಾವು, ಮೈ ಬಿಳಿಚಿ ಕೂಸು ಸಡಿಲಾಗಿ ಜೋತುಬೀಳುವುದು, ಗಂಧೆಯ ಜೊತೆ ಮೇಲಿಂದ ಮೇಲೆ ವಾಂತಿ. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ, ಗಾಡಿ ಬೇಗ ಸಿಗುವಂತಿದ್ದರೆ ಹತ್ತಿರದ ಆಸ್ಪತ್ರೆಗೆ ಹೊರಡಿ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯೇ ಬೇಕು ಅಂತ ಹತ್ತಿರದ್ದನ್ನು ದಾಟಿ ಹೋಗಬೇಡಿ. ಇದಕ್ಕೆ ಔಷಧಿ ತೊಡೆಗೆ ಹಾಕುವ ಅಡ್ರಿನಾಲಿನ್ ಇಂಜೆಕ್ಷನ್. ಅದು ಎಷ್ಟು ಬೇಗ ಬಿದ್ದರೆ ಅಷ್ಟು ಒಳ್ಳೆಯದು. ಅಲರ್ಜಿ ಸಿರಪ್ ಅದರ ಕೆಲಸ ಮಾಡುವುದಿಲ್ಲ. ಚುಚ್ಚುಮದ್ದು ಹಾಕುವ ಆರೋಗ್ಯ ಕೇಂದ್ರಗಳಲ್ಲಿ ಅಡ್ರಿನಾಲಿನ್ ಇರಬೇಕು ಅಂತ ನಿಯಮ ಇದೆ, ಹಳ್ಳಿಯಲ್ಲಿ ಇರುವವರು ಶುರು ಮಾಡುವ ಮೊದಲೇ ಆಶಾ ಕಾರ್ಯಕರ್ತೆಯನ್ನೋ ನರ್ಸ್ ಅಕ್ಕನನ್ನೋ ಕೇಳಿ ಎಲ್ಲಿದೆ ಅಂತ ತಿಳಿದುಕೊಳ್ಳಿ.

ದಾರಿಯಲ್ಲಿ ಕೂಸನ್ನು ಮಲಗಿಸಿಕೊಂಡೇ ಹೋಗಿ. ಉಸಿರಾಟ ಕಷ್ಟ ಇದ್ದರೆ ತೊಡೆಯ ಮೇಲೆ ಒರಗಿಸಿ ಕೂರಿಸಿ. ಹೆಗಲ ಮೇಲೆ ನೆಟ್ಟಗೆ ಎತ್ತಿಕೊಂಡು ಓಡಾಡಬೇಡಿ. ವಾಂತಿ ಆಗುತ್ತಿದ್ದರೆ ಮಗ್ಗುಲಿಗೆ ಹೊರಳಿಸಿ. ಪಿತ್ತ ಎದ್ದಿದೆ ಅಂತ ಕಂಬಳಿ ತಿಕ್ಕುವುದು, ದೊಡ್ಡಪತ್ರೆ ರಸ ಹಚ್ಚುವುದು, ದೃಷ್ಟಿ ತೆಗೆಯುವುದು, ಇದಕ್ಕೆಲ್ಲ ಆ ಹೊತ್ತಿನಲ್ಲಿ ಒಂದು ನಿಮಿಷವೂ ಕೊಡಬೇಡಿ. ಆಸ್ಪತ್ರೆಯಲ್ಲಿ ಕೂಸು ಸುಧಾರಿಸಿ ನಗಲು ಶುರು ಮಾಡಿದರೂ ಕೆಲವು ತಾಸು ಅಲ್ಲೇ ಇರಲು ಹೇಳುತ್ತಾರೆ. ಇರಿ. ಲಕ್ಷಣ ಕೆಲವು ತಾಸಿನ ನಂತರ ಮತ್ತೆ ಮರಳಬಹುದು.

ಇನ್ನೊಂದು ತರ ಇದೆ, ಇದು ಅಪರೂಪ. ಗಂಧೆ ಏನೂ ಇಲ್ಲದೆ, ತಿಂದು ಒಂದರಿಂದ ನಾಲ್ಕು ತಾಸಿನ ನಂತರ ಮೇಲಿಂದ ಮೇಲೆ ವಾಂತಿ, ಕೂಸು ಬಿಳಿಚಿ ಸುಸ್ತಾಗುತ್ತದೆ. ಆಗಲೂ ಆಸ್ಪತ್ರೆಗೆ ಹೋಗಿ, ಏನು ತಿನ್ನಿಸಿದಿರಿ, ಎಷ್ಟು ಹೊತ್ತಿಗೆ ಅಂತ ಮರೆಯದೆ ಹೇಳಿ.

ಒಮ್ಮೆ ಕೊಟ್ಟು ಬಿಡಬೇಡಿ

ಬಹಳ ಮನೆಗಳಲ್ಲಿ ಇಲ್ಲೇ ತಪ್ಪುತ್ತದೆ. ಕೊಟ್ಟೆವು, ಏನೂ ಆಗಲಿಲ್ಲ, ಆಯಿತು ಅಂತ ಮರೆತುಬಿಡುತ್ತಾರೆ. ಲೀಪ್ ಅಧ್ಯಯನದ ಮಕ್ಕಳು ವಾರಕ್ಕೆ ಒಟ್ಟು 6 ಗ್ರಾಂ ಶೇಂಗಾ ಪ್ರೋಟೀನು ತಿನ್ನುತ್ತಿದ್ದರು, ಅಂದರೆ ಆ ಎರಡು ಚಮಚ, ವಾರಕ್ಕೆ ಮೂರು ಸಲ, ಐದು ವರ್ಷದವರೆಗೆ. ನಮ್ಮ ಮನೆಗಳಲ್ಲಿ ಇದು ಕಷ್ಟವೇ ಅಲ್ಲ. ಜೋಳದ ನುಚ್ಚು ಮೆತ್ತಗೆ ಕುದಿಸಿ ಅದಕ್ಕೆ, ರಾಗಿ ಗಂಜಿಗೆ, ಮೊಸರಿಗೆ, ಬೇಳೆ ಕಟ್ಟಿಗೆ ಕಲಸಿ. ಎಂಟು ಒಂಬತ್ತು ತಿಂಗಳಿಗೆ ಬಿಸಿ ರೊಟ್ಟಿಯನ್ನು ಕಟ್ಟಿನಲ್ಲಿ ನೆನೆಸಿ ಕಿವುಚಿ ಅದರಲ್ಲಿ ಬೆರೆಸಿ, ಅಥವಾ ಮೆತ್ತನೆ ಚಪಾತಿ ತುಂಡಿಗೆ ತೆಳ್ಳಗೆ ಸವರಿ ಕೈಗೆ ಕೊಡಿ. ವರ್ಷ ದಾಟಿದ ಮೇಲೆ ಖಾರ ಹಾಕದ ಶೇಂಗಾ ಪುಡಿಯನ್ನು ಬೇರೆ ಡಬ್ಬಿಯಲ್ಲಿ ಇಟ್ಟುಕೊಂಡರೆ ಅಡುಗೆ ಮಾಡುವವರಿಗೂ ಹಗುರ. ಶೇಂಗಾ ಹೋಳಿಗೆ, ಉಂಡಿಯಲ್ಲಿ ಬೆಲ್ಲ ಜಾಸ್ತಿ, ಎರಡು ವರ್ಷದವರೆಗೆ ಅದನ್ನು ದಿನಾ ಕೊಡುವ ರೂಢಿ ಮಾಡಬೇಡಿ.

ಉಳಿದ ಆಹಾರಗಳು

ಶೇಂಗಾಕ್ಕೆ ಹೇಳಿದ ಕ್ರಮವೇ ಎಲ್ಲಕ್ಕೂ: ಸ್ವಲ್ಪ, ಬೆಳಗ್ಗೆ, ಒಂದು ಸಲಕ್ಕೆ ಒಂದೇ ಹೊಸದು, ಮುಂದಿನದಕ್ಕೆ ಎರಡು ಮೂರು ದಿನ ಅಂತರ. ಒಗ್ಗಿದ್ದನ್ನು ಮುಂದುವರಿಸಿ.

ಗೋಧಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಜೋಳದ ರೊಟ್ಟಿ ತಿನ್ನುವ ಮನೆಗಳಲ್ಲಿ ಕೂಸಿಗೂ ಜೋಳವೇ ಹೋಗುತ್ತದೆ, ಗೋಧಿ ಬಾಯಿಗೆ ಬೀಳುವುದು ಎಷ್ಟೋ ತಡ. ಜೋಳ ತಿಂದರೆ ಗೋಧಿ ತಿಂದಂತೆ ಆಗುವುದಿಲ್ಲ. ಬೆಲ್ಲ ಹಾಕದ ತೆಳ್ಳನೆ ಸಜ್ಜಕ, ಬೇಳೆಯಲ್ಲಿ ನೆನೆಸಿದ ಚಪಾತಿ ಕೊಡಿ.

ಎಳ್ಳಿಗೂ ಹಾಗೆಯೇ. ಸಜ್ಜಿ ರೊಟ್ಟಿಯ ಮೇಲಿನ ಇಡೀ ಎಳ್ಳು ಕೂಸಿನ ಹೊಟ್ಟೆಯಲ್ಲಿ ಒಡೆಯದೆ ಹಾಗೇ ಹೊರಗೆ ಬರುತ್ತದೆ. ಹುರಿದು ನುಣ್ಣಗೆ ಅರೆದು ಗಂಜಿಗೆ ಬೆರೆಸಬೇಕು. ಗುರೆಳ್ಳು ಬೇರೆ ಗಿಡದ ಬೀಜ, ಗುರೆಳ್ಳು ಚಟ್ನಿ ತಿಂದರೆ ಎಳ್ಳು ತಿಂದ ಲೆಕ್ಕಕ್ಕೆ ಬರುವುದಿಲ್ಲ.

ಶೇಂಗಾ ನೆಲದಡಿ ಕಾಯಿ ಬಿಡುವ ಕಾಳಿನ ಜಾತಿ. ಗೋಡಂಬಿ, ಬಾದಾಮಿ, ಪಿಸ್ತಾ, ಅಕ್ರೋಟು ಮರದ ಬೀಜಗಳು. ಹಾಗಾಗಿ ಇವನ್ನು ಬೇರೆ ಬೇರೆಯಾಗಿಯೇ ಶುರು ಮಾಡಬೇಕು, ನುಣ್ಣನೆ ಪುಡಿ ಮಾಡಿ. ಅಮೀನಗಡದ್ದೋ ಗೋಕಾಕದ್ದೋ ಕರದಂಟು ತುಂಡು ಮುರಿದು ಕೂಸಿನ ಕೈಗೆ ಕೊಡಬೇಡಿ. ಅದರಲ್ಲಿ ನಾಲ್ಕೈದು ಬಗೆಯ ಬೀಜ ಒಟ್ಟಿಗೇ ಇರುತ್ತವೆ, ಅಂಟು ಬೇರೆ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಹಾಲಿಗೆ ಮೊಸರಿನಿಂದ ಶುರು ಮಾಡಿ. ಆಕಳ ಹಾಲು, ಎಮ್ಮೆ ಹಾಲನ್ನು ತಾಯಿ ಹಾಲಿನ ಬದಲು ಕುಡಿಸುವುದು ವರ್ಷ ತುಂಬುವವರೆಗೆ ಬೇಡ.

ಮೊಟ್ಟೆ ತಿನ್ನುವ ಮನೆಯಾದರೆ ಅದನ್ನೂ ಆರು ತಿಂಗಳ ನಂತರ ತಡ ಮಾಡಬೇಡಿ. ಪೂರ್ತಿ ಗಟ್ಟಿಯಾಗಿ ಬೇಯಿಸಿ, ಬಿಳಿ ಹಳದಿ ಎರಡನ್ನೂ ಕಿವುಚಿ ಕೊಡಿ. ಹಳದಿ ಮಾತ್ರ ಕೊಟ್ಟು ವರ್ಷ ಕಳೆಯಬೇಡಿ, ಅಲರ್ಜಿ ತರುವ ಪ್ರೋಟೀನು ಜಾಸ್ತಿ ಇರುವುದು ಬಿಳಿಯಲ್ಲಿ. ಅರೆಬೆಂದದ್ದು ಬೇಡ. ಮೊಟ್ಟೆ ಮುಟ್ಟದ ಮನೆಯವರು ಇದಕ್ಕಾಗಿ ಮನಸ್ಸು ಕೆಡಿಸಿಕೊಳ್ಳಬೇಕಾಗಿಲ್ಲ. ಮಗು ಮುಂದೆ ಶಾಲೆಯಲ್ಲಿ, ಕೇಕಿನಲ್ಲಿ ಮೊದಲ ಸಲ ತಿನ್ನಬಹುದು ಅನ್ನುವುದು ನೆನಪಿದ್ದರೆ ಸಾಕು. ಒಂಬತ್ತು ತಿಂಗಳ ದಡಾರ ಚುಚ್ಚುಮದ್ದಿಗೂ ಮೊಟ್ಟೆ ಅಲರ್ಜಿಗೂ ಗಂಟು ಹಾಕಬೇಡಿ, ಮೊಟ್ಟೆ ಅಲರ್ಜಿ ಇರುವ ಮಕ್ಕಳಿಗೂ ಅದನ್ನು ಹಾಕಬಹುದು.

ಮೀನು ತಿನ್ನುವವರು ಮುಳ್ಳು ಬೆರಳಲ್ಲಿ ಮುಟ್ಟಿ ಮುಟ್ಟಿ ತೆಗೆದು ಕೊಡಿ, ಕೃಷ್ಣೆಯ ಮೀನಿನಲ್ಲಿ ಸಣ್ಣ ಮುಳ್ಳು ಬಹಳ. ಸೀಗಡಿ, ಸೋಯಾ ಮನೆಯಲ್ಲಿ ಮಾಡುವುದಿದ್ದರೆ ಕೊಡಿ, ಇಲ್ಲದಿದ್ದರೆ ಅದಕ್ಕಾಗಿ ತರಬೇಕಾಗಿಲ್ಲ.

ಅಂಗನವಾಡಿಯಿಂದ ಬರುವ ಪುಷ್ಟಿಯಂಥ ಹಿಟ್ಟಿನ ಪೊಟ್ಟಣದಲ್ಲಿ ಏನೇನು ಸೇರಿದೆ ಅಂತ ಮೊದಲು ಓದಿ. ಹಲವು ಕಾಳು ಕಲಸಿದ ಹಿಟ್ಟು ಕೊಡುವ ಮುಂಚೆ ಅದರಲ್ಲಿರುವುದನ್ನು ಒಂದೊಂದಾಗಿ ತಿನ್ನಿಸಿ ನೋಡಿರುವುದು ಒಳ್ಳೆಯದು.

ಅಲರ್ಜಿ ಇದೆ ಅಂತ ಡಾಕ್ಟರ್ ಖಚಿತ ಮಾಡಿದರೆ, ಮನೆಯವರಿಗೆಲ್ಲ, ಅಂಗನವಾಡಿ ಟೀಚರಿಗೆ, ಪಕ್ಕದ ಮನೆಯವರಿಗೆ ಸ್ಪಷ್ಟವಾಗಿ ಹೇಳಿ. "ಸ್ವಲ್ಪ ತಿಂದರ ಏನಾಗಂಗಿಲ್ಲ" ಅನ್ನುವವರು ಇದ್ದೇ ಇರುತ್ತಾರೆ. ನಮ್ಮ ದೇಶದ ನಿಯಮದ ಪ್ರಕಾರ ಪೊಟ್ಟಣದ ತಿನಿಸಿನ ಮೇಲೆ ಶೇಂಗಾ, ಮರದ ಬೀಜ, ಹಾಲು, ಮೊಟ್ಟೆ, ಗೋಧಿ, ಸೋಯಾ, ಮೀನು ಇದ್ದರೆ ಬರೆಯಲೇಬೇಕು, ಆ ಸಾಲು ಹುಡುಕಿ ಓದಿ. ಬೇಕರಿ, ಖಾನಾವಳಿ, ಜಾತ್ರೆಯ ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿ, ನಮ್ಮ ಕಡೆ ಪಲ್ಯಕ್ಕೂ ಶೇಂಗಾ ಪುಡಿ ಬೀಳುತ್ತದೆ ಅಲ್ವಾ. ಹಾಲು, ಮೊಟ್ಟೆಯ ಅಲರ್ಜಿ ಬಹಳ ಮಕ್ಕಳಿಗೆ ದೊಡ್ಡವರಾದಂತೆ ಹೋಗಿಬಿಡುತ್ತದೆ, ಶೇಂಗಾದ್ದು ಸುಮಾರು ಐವರಲ್ಲಿ ಒಬ್ಬರಿಗೆ ಹೋಗುತ್ತದೆ. ಹೋಗಿದೆಯಾ ಅಂತ ನೋಡುವ ಕೆಲಸ ಮನೆಯಲ್ಲಿ ಬೇಡ, ವರ್ಷಕ್ಕೊಮ್ಮೆ ಡಾಕ್ಟರಿಗೆ ತೋರಿಸಿ, ಅವರ ಎದುರಿಗೇ ಆಗಲಿ.